ನಾನು ಹೇಳದೆ ಉಳಿದ ಎಂಟು ತಿಂಗಳು

ಮದುವೆಯಾದ ಎರಡನೆಯ ವರ್ಷ ನನ್ನ ಹೆಂಡತಿಯನ್ನು ಮೊದಲ ಸಲ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ, ಆಕೆ ಚೀಟಿ ಬರೆಯುತ್ತಲೇ ಹೇಳಿದ್ದರು: "ನಿಮ್ಮ ಯಜಮಾನ್ರದ್ದೂ ಒಂದು ಟೆಸ್ಟ್ ಮಾಡಿಸಿಬಿಡಿ. ಸುಲಭದ್ದು, ಅರ್ಧ ಗಂಟೆ ಕೆಲಸ." ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಆದರೂ ಆ ಮಾತನ್ನು ಆಕೆ ನನ್ನ ಹೆಂಡತಿಗೆ ಹೇಳಿದರು. ನಾನೂ ಅದು ಬೇರೆ ಯಾರಿಗೋ ಹೇಳಿದ್ದೆಂಬಂತೆ ಗೋಡೆಯ ಕ್ಯಾಲೆಂಡರು ನೋಡುತ್ತಾ ಕೂತೆ. ಆ ಅರ್ಧ ಗಂಟೆಯ ಕೆಲಸಕ್ಕೆ ನಾನು ನಾಲ್ಕು ವರ್ಷ ತೆಗೆದುಕೊಂಡೆ.

ನಮ್ಮ ಮನೆ ಮಧುಗಿರಿಯಲ್ಲಿ. ನಾನು ಐ.ಡಿ.ಹಳ್ಳಿ ಹೋಬಳಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ದಿನವೂ ಬೈಕಿನಲ್ಲಿ ಹೋಗಿ ಬರುತ್ತೇನೆ. ಹತ್ತನೇ ತರಗತಿಗೆ ಸಂತಾನೋತ್ಪತ್ತಿಯ ಪಾಠ ಇದೆ. ಕೆಲವು ಮೇಷ್ಟ್ರುಗಳು ಅದನ್ನು ಮನೆಯಲ್ಲೇ ಓದಿಕೊಳ್ಳಿ ಎಂದು ದಾಟಿಸಿಬಿಡುತ್ತಾರೆ. ನಾನು ಹಾಗೆ ಮಾಡಿದವನಲ್ಲ. ಬೋರ್ಡಿನ ಮೇಲೆ ವೀರ್ಯಾಣುವಿನ ಚಿತ್ರ ಬರೆದು, ತಲೆ, ನಡುಭಾಗ, ಬಾಲ ಎಂದು ಗೆರೆ ಎಳೆದು ಹೆಸರು ಬರೆಸುತ್ತಿದ್ದೆ. ಹಿಂದಿನ ಬೆಂಚಿನವರು ಮುಸಿಮುಸಿ ನಕ್ಕರೆ, "ನಗೋದೇನಿದೆ ಇದರಲ್ಲಿ, ಇದೂ ಹೃದಯದ ಪಾಠ ಇದ್ದಹಾಗೇ" ಎಂದು ಗದರುತ್ತಿದ್ದೆ. ಮಕ್ಕಳಾಗದಿರುವುದಕ್ಕೆ ಕಾರಣ ಗಂಡಿನಲ್ಲೂ ಇರಬಹುದು, ಹೆಣ್ಣಿನಲ್ಲೂ ಇರಬಹುದು, ಇಬ್ಬರಲ್ಲೂ ಇರಬಹುದು ಎಂದು ನೋಟ್ಸ್ ಬರೆಸಿದ್ದೂ ನಾನೇ. ಗೊತ್ತಿಲ್ಲದೆ ತಪ್ಪು ಮಾಡಿದೆ ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ.

ನನ್ನ ಹೆಂಡತಿ ಪಾವಗಡದ ಕಡೆಯವಳು. ಮದುವೆಯಾಗಿ ಬಂದಾಗ ಇಪ್ಪತ್ತೈದು ವರ್ಷ. ಬರುವಾಗಲೇ ಹೊಲಿಗೆ ಕಲಿತಿದ್ದಳು, ಮಷೀನನ್ನೂ ತಂದಿದ್ದಳು. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅದನ್ನಿಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಬಸುರಿಯರು ತಮ್ಮ ರವಿಕೆ ತಂದು, "ಸ್ವಲ್ಪ ಬುಟ್ಟು ಹೊಲಿಯಮ್ಮ, ಉಸ್ರು ಕಟ್ತೈತೆ" ಎನ್ನುವರು. ಅವಳು ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿಟ್ಟಿದ್ದ ಬಟ್ಟೆಯನ್ನು ಬಿಡಿಸಿ, ಮತ್ತೆ ಹೊಲಿದುಕೊಡುವಳು. ಹೆರಿಗೆಯಾಗಿ ಆರು ತಿಂಗಳಿಗೆ ಅದೇ ಹೆಂಗಸರು ಅದೇ ರವಿಕೆ ಬಿಗಿ ಮಾಡಿಸಲು ಬರುವರು, ಕಂಕುಳಲ್ಲಿ ಕೂಸು ಇರುವುದು. ಅವಳು ಕೂಸಿನ ಕೆನ್ನೆ ಮುಟ್ಟಿ ಮಾತಾಡಿಸಿ ಕಳಿಸುವಳು. ಮೊದಮೊದಲು ಅವರು ಹೋದ ಮೇಲೆ ನನಗೆ ಕೂಸಿನ ಸುದ್ದಿ ಹೇಳುತ್ತಿದ್ದಳು. ಆಮೇಲೆ ಆಮೇಲೆ ಹೇಳುವುದನ್ನು ಬಿಟ್ಟಳು.

ಅಮ್ಮ ನಮ್ಮ ಜೊತೆಯಲ್ಲೇ ಇದ್ದಳು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು, ಅಕ್ಕನನ್ನು ಕೊರಟಗೆರೆಗೆ ಕೊಟ್ಟಿತ್ತು. ಅಮ್ಮ ಕೆಟ್ಟವಳಲ್ಲ. ಸೊಸೆಗೆ ಹುಷಾರಿಲ್ಲದಿದ್ದರೆ ತಾನೇ ಗಂಜಿ ಕಾಯಿಸಿ ಕುಡಿಸುವವಳು. ಆದರೆ ತಿಂಗಳು ತಿಂಗಳು ಅವಳು ಸೊಸೆಯ ಮುಖ ನೋಡುತ್ತಿದ್ದ ರೀತಿ ಒಂದಿತ್ತು. ಸೊಸೆ ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡರೆ ಅಮ್ಮನಿಗೆ ಗೊತ್ತಾಗಿಬಿಡುತ್ತಿತ್ತು. ಏನೂ ಅನ್ನುತ್ತಿರಲಿಲ್ಲ. ಆವತ್ತಿಡೀ ಪಾತ್ರೆಗಳ ಸದ್ದು ಮಾತ್ರ ಸ್ವಲ್ಪ ಜೋರಾಗಿರುತ್ತಿತ್ತು.

ಆ ನಾಲ್ಕು ವರ್ಷಗಳಲ್ಲಿ ನನ್ನ ಹೆಂಡತಿಯ ಮೈಮೇಲೆ ಏನೇನು ನಡೆಯಿತು ಎಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಥೈರಾಯ್ಡ್ ಮಾತ್ರೆ. ಅಂಡ ಬಲಿಯಲು ಮಾತ್ರೆ. ಆ ಮಾತ್ರೆಗೆ ಅವಳಿಗೆ ಮೈಯೆಲ್ಲ ಬಿಸಿ ಹೊಮ್ಮಿ, ತಲೆನೋವು ಬಂದು, ಮಷೀನಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಅಂಡ ಎಷ್ಟು ಬೆಳೆಯಿತು ಎಂದು ನೋಡಲು ಒಂದು ದಿನ ಬಿಟ್ಟು ಒಂದು ದಿನ ಸ್ಕ್ಯಾನಿಂಗ್. ತುಮಕೂರಿನಲ್ಲಿ ಒಮ್ಮೆ ಗರ್ಭನಾಳ ತೆರೆದಿದೆಯೇ ಎಂದು ತಿಳಿಯಲು ಔಷಧಿ ಒಳಗೆ ಬಿಟ್ಟು ಎಕ್ಸ್‌ರೇ ತೆಗೆದರು. ಹೊರಗೆ ಬೆಂಚಿನಲ್ಲಿ ಕೂತಿದ್ದ ನನಗೆ ಅವಳು ಕೂಗಿದ್ದು ಕೇಳಿಸಿತು. ಬರುವಾಗ ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡೇ ಕೂತಿದ್ದಳು. "ನಿಮ್ದೂ ಒಂದು ನೋಡಿಸ್ಬಿಡಿ ಅಂದ್ರು ಕಣ್ರೀ ಡಾಕ್ಟ್ರು," ಎಂದಳು. "ಪರೀಕ್ಷೆ ಮುಗೀಲಿ," ಎಂದೆ. ಮಕ್ಕಳ ಪರೀಕ್ಷೆ ಮುಗಿಯಿತು, ಮೌಲ್ಯಮಾಪನ ಬಂತು. ಅದು ಮುಗಿಯುವಷ್ಟರಲ್ಲಿ ಚುನಾವಣೆಯ ಡ್ಯೂಟಿ ಬಂತು. ಸರ್ಕಾರಿ ಮೇಷ್ಟ್ರಿಗೆ ನೆಪ ಹುಡುಕಬೇಕಾದ ಅಗತ್ಯವೇ ಇಲ್ಲ.

ಯಾಕೆ ಹೋಗಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಎಂದರೆ ಅರ್ಧ ನಿಜ. ಗಂಡ ಹೆಂಡಿರ ನಡುವೆ ನಡೆಯುವುದೆಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಹಾಗಾಗಿ ನನ್ನಲ್ಲಿ ಏನೂ ಇರಲಾರದು ಎಂದು ನಂಬಿದ್ದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಹೊರಗೆ ಎಲ್ಲ ಸರಿಯಿದ್ದೂ ಒಳಗೆ ಒಂದೂ ವೀರ್ಯಾಣು ಇಲ್ಲದಿರಬಹುದು ಎಂಬುದು ಮೇಷ್ಟ್ರಾಗಿ ನನಗೆ ಗೊತ್ತಿತ್ತು. ಗಂಡಸಾಗಿ ಗೊತ್ತು ಮಾಡಿಕೊಳ್ಳಲು ಇಷ್ಟವಿರಲಿಲ್ಲ.

ಐದನೆಯ ವರ್ಷ ಅಮ್ಮ ನಮ್ಮಿಬ್ಬರನ್ನೂ ಸಿದ್ದರಬೆಟ್ಟಕ್ಕೆ ಕರೆದುಕೊಂಡು ಹೋದಳು. ಗುಹೆಯೊಳಗಿನ ನೀರು ಮೈಮೇಲೆ ಹಾಕಿಕೊಂಡು ಒದ್ದೆ ಬಟ್ಟೆಯಲ್ಲೇ ದೇವರಿಗೆ ಕೈಮುಗಿದರೆ ಆಗುತ್ತದೆಂದು ಯಾರೋ ಹೇಳಿದ್ದರು. ಅಮ್ಮನಿಗೆ ಮಂಡಿನೋವು, ಕಲ್ಲುಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡು ಹತ್ತಿದಳು. ಹೆಂಡತಿ ಚಳಿಯಲ್ಲಿ ಹಲ್ಲು ಕಡಿಯುತ್ತಾ ಒದ್ದೆ ಸೀರೆಯಲ್ಲಿ ನಿಂತಿದ್ದಳು. ನಾನು ಒಣಬಟ್ಟೆಯ ಚೀಲ ಹಿಡಿದು ನಿಂತಿದ್ದೆ. ಇಳಿಯುವಾಗ ದಾರಿಯಲ್ಲಿ ಬೇರು, ತೊಗಟೆ ಇಟ್ಟುಕೊಂಡು ಕೂತಿದ್ದ ಮುದುಕನೊಬ್ಬ ಅಮ್ಮನ ಮಾತು ಕೇಳಿ, ನನ್ನನ್ನು ನೋಡಿ, "ಅಯ್ಯ, ನಿಮ್ದು ತೋರಿಸಿದ್ದೀರಾ?" ಎಂದ. ಅಮ್ಮ ಸಿಟ್ಟಾದಳು. "ನನ್ ಮಗಂಗೇನಾಗೈತೆ? ಗುಂಡ್ಕಲ್ಲಿದ್ದಂಗವ್ನೆ. ಕೊಡಾದಿದ್ರೆ ಅವುಳ್ಗೆ ಕೊಡು," ಎಂದಳು. ಅವನು ಒಂದು ಪುಡಿ ಕಟ್ಟಿಕೊಟ್ಟ. ನನ್ನ ಹೆಂಡತಿ ಅದನ್ನು ಮೂರು ತಿಂಗಳು ಬಿಸಿನೀರಿನಲ್ಲಿ ಕುಡಿದಳು. ಕುಡಿದಾಗಲೆಲ್ಲ ವಾಂತಿ ಬರುವಂತಾಗುತ್ತಿತ್ತು. ಒಮ್ಮೆ ಹಾಗಾದಾಗ ಅಮ್ಮ ಆಸೆಯಿಂದ ಅಡಿಗೆಮನೆಯಿಂದ ಓಡಿಬಂದಳು. ಪುಡಿಯ ಲೋಟ ಕಂಡು ಹಾಗೇ ವಾಪಸು ಹೋದಳು.

ಆರನೆಯ ವರ್ಷ ನಾನು ಟೆಸ್ಟಿಗೆ ಹೋದೆ. ಮಧುಗಿರಿಯಲ್ಲಿ ಅಲ್ಲ. ಇಲ್ಲಿನ ಲ್ಯಾಬುಗಳಲ್ಲಿ ಕೆಲಸ ಮಾಡುವವರಲ್ಲಿ ಇಬ್ಬರು ನನ್ನ ಶಿಷ್ಯರು. ಶಿರಾದಲ್ಲಿ ಯಾರಿಗೂ ನನ್ನ ಗುರುತಿಲ್ಲವೆಂದು ಒಂದು ಶನಿವಾರ ಸ್ಕೂಲು ಮುಗಿಸಿ ಅಲ್ಲಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲೊಂದು ಸಣ್ಣ ಲ್ಯಾಬು. ಬಿಳಿ ಗಡ್ಡದ ಸಾಬರೊಬ್ಬರು ಒಬ್ಬರೇ ಇದ್ದರು. "ಕೂತ್ಕೊಳ್ಳಿ ಸಾರ್. ಮೂರು ದಿನ ಪರ್ಹೇಜ್ ಇತ್ತಲ್ಲ? ಹೆಂಗಸಿನ ಹತ್ರ ಹೋಗಿಲ್ಲ ತಾನೇ?" ಎಂದು ಜ್ವರ ಎಷ್ಟಿದೆ ಎಂದು ಕೇಳಿದಷ್ಟೇ ಸಹಜವಾಗಿ ಕೇಳಿದರು. ಒಂದು ಸಣ್ಣ ಡಬ್ಬಿ ಕೊಟ್ಟು ಕೊನೆಯಲ್ಲಿದ್ದ ಬಾತ್‌ರೂಮು ತೋರಿಸಿದರು. ಅದರ ಚಿಲಕ ಸರಿಯಾಗಿ ಬೀಳುತ್ತಿರಲಿಲ್ಲ. ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದುಕೊಂಡಿದ್ದೆ. ಇಷ್ಟು ವರ್ಷ ನನ್ನ ಹೆಂಡತಿ ಎಷ್ಟು ಜನರ ಮುಂದೆ ಮಲಗಿದ್ದಾಳೋ ಎಂಬ ಯೋಚನೆ ಬಂದದ್ದು ಆಗ, ಅದೂ ಒಂದು ಕ್ಷಣ ಮಾತ್ರ.

ಒಂದು ಗಂಟೆಯ ನಂತರ ಅವರು ಒಳಗೆ ಕರೆದರು. "ಸಾರ್, ಗಾಬರಿ ನಕ್ಕೋ, ಗಾಬರಿ ಬೇಡ. ಕಾಣ್ತಿಲ್ಲ. ಎರಡು ಸಲ ತಿರುಗಿಸಿ ನೋಡಿದೆ, ಒಂದೂ ಕಾಣ್ತಿಲ್ಲ."

"ನಾನು ನೋಡಬಹುದಾ?" ಎಂದೆ.

ಅವರು ಎದ್ದು ಸ್ಟೂಲು ಬಿಟ್ಟುಕೊಟ್ಟರು. ಈರುಳ್ಳಿಯ ಸಿಪ್ಪೆ, ಕೊಳದ ನೀರು ಎಂದು ಸಾವಿರ ಸಲ ಮಕ್ಕಳಿಗೆ ತೋರಿಸಿದ ಅದೇ ಸೂಕ್ಷ್ಮದರ್ಶಕ. ಕಣ್ಣಿಟ್ಟೆ. ದುಂಡಗಿನ ಬೆಳಕು. ಅಲ್ಲಲ್ಲಿ ಒಂದೆರಡು ಗುಂಡನೆಯ ಕೋಶ. ಅಲುಗಾಡುವಂಥದ್ದು ಏನೂ ಇರಲಿಲ್ಲ. ಬೋರ್ಡಿನ ಮೇಲೆ ಬರೆಯುತ್ತಿದ್ದ ಬಾಲಗಳಲ್ಲಿ ಒಂದೂ ಅಲ್ಲಿ ಇರಲಿಲ್ಲ. ಗಾಜನ್ನು ಅತ್ತಿತ್ತ ಸರಿಸಿ ಬಹಳ ಹೊತ್ತು ಹುಡುಕಿದೆ. ಅವರು ನನ್ನ ಬೆನ್ನಮೇಲೆ ಕೈಯಿಟ್ಟು, "ಎರಡು ತಿಂಗಳು ಬಿಟ್ಟು ಇನ್ನೊಂದ್ಸಲ ಬನ್ನಿ ಸಾರ್. ಜೋರು ಜ್ವರ ಬಂದಿದ್ರೂ ಕಮ್ಮಿ ಆಗ್ತದೆ. ಒಂದೇ ಸಲಕ್ಕೆ ಹೇಳಂಗಿಲ್ಲ," ಎಂದರು. ನನಗೆ ಆ ವರ್ಷ ಜ್ವರವೇ ಬಂದಿರಲಿಲ್ಲ.

ಮನೆಗೆ ಬಂದಾಗ ಅವಳು ಮಷೀನಿನ ಮುಂದೆ ಇದ್ದಳು. ನಾನು ಟೆಸ್ಟಿಗೆಂದೇ ಹೋಗಿದ್ದೇನೆಂದು ಅವಳಿಗೆ ಗೊತ್ತಿತ್ತು, ಬೆಳಿಗ್ಗೆ ಹೇಳಿ ಹೋಗಿದ್ದೆ. ಪೆಡಲಿನಿಂದ ಕಾಲು ತೆಗೆದು ನನ್ನ ಮುಖ ನೋಡಿದಳು. ಹೇಳಬೇಕೆಂದೇ ಬಂದಿದ್ದೆ. ಶಿರಾದಿಂದ ಮಧುಗಿರಿವರೆಗೆ ಬೈಕಿನ ಮೇಲೆ ಮಾತು ಜೋಡಿಸಿಕೊಂಡೇ ಬಂದಿದ್ದೆ.

"ನಾರ್ಮಲ್ ಅಂತೆ," ಎಂದೆ.

ಅವಳ ಮುಖದಲ್ಲಿ ಮೊದಲು ಸಂತೋಷ ಕಂಡಿತು, ನನಗೋಸ್ಕರ. ಆಮೇಲೆ ಅದು ಹಾಗೇ ಇಳಿದುಹೋಯಿತು. "ಹಂಗಾದ್ರೆ ನನ್ದೇ ದೋಷ ಬುಡಿ," ಎಂದು ಮತ್ತೆ ಪೆಡಲು ತುಳಿದಳು.

ಎರಡು ತಿಂಗಳ ಮೇಲೆ ಶಿರಾಕ್ಕೆ ಇನ್ನೊಮ್ಮೆ ಹೋದೆ. ಅದೇ ಉತ್ತರ. ಈ ಸಲ ಸಾಬರು ಬೆಂಗಳೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಎರಡೂ ವರದಿಗಳನ್ನು ಸ್ಕೂಲಿನ ಪ್ರಯೋಗಾಲಯದ ಬೀರುವಿನಲ್ಲಿ, ಹಳೆಯ ಉತ್ತರಪತ್ರಿಕೆಗಳ ಕೆಳಗೆ ಇಟ್ಟೆ. ದಿನ ಕಳೆದಂತೆ ಹೇಳುವುದು ಇನ್ನಷ್ಟು ಕಷ್ಟವಾಯಿತು. ವಿಷಯ ಹೇಳಿದರೆ ಆಡಿದ ಸುಳ್ಳನ್ನೂ ಒಪ್ಪಿಕೊಳ್ಳಬೇಕಿತ್ತಲ್ಲ.

ತುಮಕೂರಿನ ಡಾಕ್ಟರು ನನ್ನ ಟೆಸ್ಟಿನ ಬಗ್ಗೆ ಕೇಳಿದಾಗಲೂ "ನಾರ್ಮಲ್, ವರದಿ ಮನೇಲಿದೆ" ಎಂದೆ. "ಮುಂದಿನ ಸಲ ತನ್ನಿ," ಎಂದರು. ಮುಂದಿನ ಸಲ ಅವರು ಮರೆತರು, ನಾನು ನೆನಪಿಸಲಿಲ್ಲ. ಹೊರಗಿನಿಂದ ಏನೂ ಕಾಣುತ್ತಿಲ್ಲ, ಒಮ್ಮೆ ಲ್ಯಾಪರೋಸ್ಕೋಪಿ ಮಾಡಿ ಒಳಗೆ ನೋಡಿಬಿಡೋಣ ಎಂದರು. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವ ಆಪರೇಷನ್. ನನ್ನ ಹೆಂಡತಿ ಒಪ್ಪಿದಳು. ಸಹಿ ಹಾಕಲು ಕಾಗದ ನನ್ನ ಮುಂದೆ ಬಂತು. ಆವತ್ತು ಆ ಮೇಜಿನ ಮುಂದೆ ನಿಂತಾಗ ನಾಲಿಗೆಯ ತುದಿಗೆ ಬಂದಿತ್ತು. ನರ್ಸು ಪೆನ್ನು ಕೊಟ್ಟಳು, ಸಹಿ ಹಾಕಿದೆ.

ಅವಳಿಗೆ ಎಚ್ಚರವಾದಾಗ ಹೊಟ್ಟೆಗಿಂತ ಹೆಗಲು ನೋಯುತ್ತಿದೆ ಎಂದಳು. ಹೊಟ್ಟೆಯೊಳಗೆ ಗಾಳಿ ತುಂಬಿರುತ್ತಾರೆ, ಅದಕ್ಕೆ ಹಾಗಾಗುತ್ತದೆ ಎಂದು ನರ್ಸು ಹೇಳಿದಳು. ನಾನು ಹೆಗಲು ಒತ್ತುತ್ತಾ ಕೂತೆ. ಡಾಕ್ಟರು ಬಂದು, "ಎಲ್ಲ ಚೆನ್ನಾಗಿದೆಯಮ್ಮ. ನಾಳ ಎರಡೂ ತೆರೆದಿವೆ, ಗರ್ಭಕೋಶ ಚೆನ್ನಾಗಿದೆ," ಎಂದರು. ಅವರು ಹೋದ ಮೇಲೆ ಅವಳು ಕಣ್ಣುಮುಚ್ಚಿಕೊಂಡೇ, "ಎಲ್ಲ ಸರಿ ಇದ್ರೂ ಆಗ್ತಿಲ್ಲ ಅಂದ್ರೆ ನನ್ನ ಹಣೇಲೇ ಇಲ್ಲ ಅಂತ. ನಿಮ್ಗೆ ನನ್ನಿಂದ ಎಷ್ಟು ತೊಂದ್ರೆ ಅಲ್ವಾ?" ಎಂದಳು. ನಾನು ಹೆಗಲು ಒತ್ತುತ್ತಲೇ ಇದ್ದೆ.

ಅಮ್ಮ ಆ ಹೊತ್ತಿಗೆ ಇನ್ನೊಂದು ಮಾತು ಶುರು ಮಾಡಿದ್ದಳು. ಒಂದು ದಿನ ಸೊಸೆ ದಾರ ತರಲು ಅಂಗಡಿಗೆ ಹೋದಾಗ, "ಇಂಗೇ ಕುಂತ್ರೆ ಆಗಲ್ಲ ಕಣ್ಲಾ. ಕೊರಟಗೆರೆ ಕಡೆ ಒಂದು ಹೆಣ್ಣೈತೆ ಅಂತ ನಿಮ್ಮಕ್ಕ ಹೇಳವ್ಳೆ. ಇವುಳ್ನೇನು ಬುಟ್ಬುಡು ಅಂತಿಲ್ಲ, ಅವ್ಳೂ ಇರ್ಲಿ," ಎಂದಳು.

"ನಾನು ಸರ್ಕಾರಿ ನೌಕರ ಅಮ್ಮ. ಎರಡನೇ ಮದುವೆ ಆದ್ರೆ ಕೆಲಸ ಹೋಗುತ್ತೆ," ಎಂದೆ.

ಅದು ನಿಜವೇ. ಆದರೆ ಆ ಹೊತ್ತಿನಲ್ಲಿ ಅದು ನಾನು ಆಡಬಹುದಾದ ಅತ್ಯಂತ ಹೇಡಿ ಮಾತಾಗಿತ್ತು. ಬಾಗಿಲ ಹತ್ತಿರ ಚಪ್ಪಲಿಯ ಸದ್ದಾಯಿತು. ಹೆಂಡತಿ ದಾರದ ಉಂಡೆಗಳನ್ನು ಹಿಡಿದುಕೊಂಡು ಹೊಸಿಲಲ್ಲಿ ನಿಂತಿದ್ದಳು. ಏನೂ ಕೇಳದವಳಂತೆ ಒಳಗೆ ಹೋದಳು.

ಅದಾಗಿ ಒಂದು ತಿಂಗಳಿಗೆ ಮದಲೂರಿನಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ನಾಮಕರಣ. ಮಂಡಿನೋವೆಂದು ಅಮ್ಮ ಬರಲಿಲ್ಲ, ನಾವಿಬ್ಬರೇ ಬೈಕಿನಲ್ಲಿ ಹೋದೆವು. ಮಗುವಿಗೆ ಅವಳೇ ಹಳದಿ ಬಟ್ಟೆಯಲ್ಲಿ ಅಂಗಿ ಹೊಲಿದಿದ್ದಳು. ಕುತ್ತಿಗೆಗೆ ಚುಚ್ಚದಿರಲೆಂದು ಒಳಗಡೆ ಮೆತ್ತನೆಯ ಪಟ್ಟಿ ಕೊಟ್ಟಿದ್ದಳು. ಮಗುವಿಗೆ ಅದನ್ನೇ ಹಾಕಿದರು. ತೊಟ್ಟಿಲಿಗೆ ಹಾಕುವ ಹೊತ್ತು ಹೆಂಗಸರು ಸುತ್ತ ನಿಂತು ಮಗುವನ್ನು ಕೈಯಿಂದ ಕೈಗೆ ಕೊಡುತ್ತಿದ್ದರು. ಅವಳೂ ಕೈಚಾಚಿದಳು. ಆ ಮನೆಯ ಅಜ್ಜಿ ನಡುವೆ ಬಂದು, ಮೆಲ್ಲಗೇ, ಸಿಟ್ಟಿಲ್ಲದೆಯೇ, "ನೀನು ಕುಂತ್ಕೊ ಕಣಮ್ಮ. ಮಕ್ಕಳೊಂದಿಗರು ಇಡೀಲಿ," ಎಂದರು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು, ಏನೋ ಅಂಟಿದೆ ಎಂಬಂತೆ. ಗಂಡಸರ ಸಾಲಿನಲ್ಲಿ ಕೂತಿದ್ದ ನಾನು ಅದನ್ನು ಕಂಡೆ.

ಊಟವಾದ ಮೇಲೆ ಹೊರಟೆವು. ಕೆರೆ ಏರಿಯ ಮೇಲೆ ಬರುವಾಗ ಅವಳು, "ಒಂದು ಗಳಿಗೆ ನಿಲ್ಲಿಸ್ರೀ," ಎಂದಳು. ಆ ವರ್ಷ ಮದಲೂರು ಕೆರೆ ತುಂಬಿತ್ತು. ನೀರು ನೋಡಲೆಂದೇ ಬಂದ ಜನ ದೂರದಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದರು. ಅವಳು ಏರಿಯ ಕಲ್ಲಿನ ಮೇಲೆ ಕೂತು, "ಅತ್ತೆ ಹೇಳಿದ್ದು ನಂಗೆ ಕೇಳಿಸ್ತು ಅವತ್ತು. ನೀವು ಇನ್ನೊಂದು ಮದುವೆ ಆಗ್ರಿ. ಕೆಲಸದ ಭಯ ಇದ್ರೆ ನಾನು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಡ್ತೀನಿ. ನಾನು ಪಾವಗಡಕ್ಕೆ ಹೋಗಿ ಮಷೀನ್ ಇಟ್ಕೊಂಡು ಹೆಂಗೋ ಬದುಕ್ತೀನಿ. ನಿಮ್ಗಾದ್ರೂ ಒಂದು ಮಗು ಆಗ್ಲಿ," ಎಂದಳು.

ಅವಳು ಅಳುತ್ತಿರಲಿಲ್ಲ. ಎಷ್ಟೋ ದಿನದಿಂದ ಲೆಕ್ಕಹಾಕಿ ತೀರ್ಮಾನಿಸಿದವಳ ಹಾಗೆ ಹೇಳಿದಳು.

"ನನಗೆ ಆಗಲ್ಲ," ಎಂದೆ.

"ಮದುವೆನಾ?"

"ಮಗು. ನನ್ನಿಂದ ಆಗಲ್ಲ. ನನ್ನಲ್ಲಿ ವೀರ್ಯಾಣುಗಳೇ ಇಲ್ಲ. ಶಿರಾದಲ್ಲಿ ಎರಡು ಸಲ ನೋಡಿದ್ರು. ನಾನೇ ಕಣ್ಣಾರೆ ನೋಡಿದೆ."

ಅವಳು ನನ್ನ ಕಡೆ ತಿರುಗಿದಳು. ಮೊದಲು ಅರ್ಥವಾಗಲಿಲ್ಲ ಎಂದು ಕಾಣುತ್ತದೆ. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಯಾವಾಗ ಗೊತ್ತಾಯ್ತು?"

"ಎಂಟು ತಿಂಗಳಾಯ್ತು."

"ಆಪರೇಷನ್‌ಗಿಂತ ಮುಂಚೆ."

"ಹೂಂ. ಮುಂಚೆ."

ಅವಳು ಎದ್ದಳು. ಸೀರೆಗೆ ಹತ್ತಿದ್ದ ಮಣ್ಣು ಕೊಡವಿಕೊಂಡಳು. ನಾನು ಬೈಕಿನ ಹತ್ತಿರ ಹೋದೆ. ಅವಳು ಬರಲಿಲ್ಲ, ಏರಿಯ ಮೇಲೆ ರಸ್ತೆಯ ಕಡೆಗೆ ನಡೆಯತೊಡಗಿದಳು. ಬೈಕನ್ನು ತಳ್ಳಿಕೊಂಡೇ ಹಿಂದೆ ಹೋದೆ. "ಹತ್ತು, ಮನೇಲಿ ಮಾತಾಡೋಣ," ಎಂದೆ, ಎರಡು ಸಲ ಎಂದೆ. ಅವಳು ತಿರುಗಿ ನೋಡಲಿಲ್ಲ. ಬಂದ ಬಸ್ಸಿಗೆ ಕೈ ಅಡ್ಡಹಿಡಿದು ಹತ್ತಿ ಹೋದಳು. ಸಂಜೆ ನನ್ನ ಮಾವ ಫೋನು ಮಾಡಿ, ಮಗಳು ಪಾವಗಡಕ್ಕೆ ಬಂದಿದ್ದಾಳೆಂದು ಹೇಳಿದರು. ಅಮ್ಮನಿಗೆ ಏನು ಹೇಳುವುದೆಂದು ತಿಳಿಯದೆ, ತವರಿಗೆ ಹೋಗಿದ್ದಾಳೆ ಎಂದಷ್ಟೇ ಹೇಳಿದೆ. "ಹೋಗಿ ಬರ್ಲಿ ಬುಡು," ಎಂದಳು ಅಮ್ಮ.

ಮೂರನೆಯ ಭಾನುವಾರ ನಾನು ಪಾವಗಡಕ್ಕೆ ಹೋದೆ. ಮಾವನ ಊರಿನ ಸುತ್ತ ಹೊಲಗಳೆಲ್ಲ ಈಗ ಸೋಲಾರ್ ಹಲಗೆಗಳು. ಬಿಸಿಲಿಗೆ ಆ ಕಡೆ ಕಣ್ಣು ಬಿಡಲಾಗುವುದಿಲ್ಲ. ಮಾವ ಜಗುಲಿಯಲ್ಲಿ ಕೂತಿದ್ದವರು ಎದ್ದು ನಿಂತರು. ಬೈಗುಳ ತಿನ್ನಲು ಸಿದ್ಧನಾಗಿ ಹೋಗಿದ್ದೆ. ಅವರು ತೆಲುಗು ಬೆರೆತ ತಮ್ಮ ಮಾತಿನಲ್ಲಿ, "ಏಮಪ್ಪಾ ಅಳಿಯಾ, ಬಿಸಿಲಲ್ಲಿ ಬಂದ್ಬುಟ್ರಿ. ಪಿಲ್ಲ, ನಮ್ ಹುಡುಗಿ, ಬಾಗಾ ಸಣ್ಣಗಾಗ್ಯಾಳೆ. ಆ ಆಪರೇಷನ್ ಆದ್ಮೇಲೆ ಚೇತರಿಸ್ಕೊಂಡಿಲ್ಲ, ನಾಲ್ಕು ದಿನ ಇರ್ತೀನಿ ನಾಯ್ನಾ ಅಂದ್ಲು. ಇರ್ಲಿ ಅಂದೆ. ನಮ್ ಪಿಲ್ಲದೇ ಕೊರತೆ, ನೀವು ಒಂದು ಮಾತೂ ಅಂದವರಲ್ಲ, ಅದು ನಮ್ ಪುಣ್ಯ," ಎಂದು ಕೈಮುಗಿದರು. ಅವಳು ಅವರಿಗೆ ಏನೂ ಹೇಳಿರಲಿಲ್ಲ. ನನ್ನ ಮರ್ಯಾದೆಯನ್ನು ತವರುಮನೆಯಲ್ಲೂ ಅವಳೇ ಕಾದಿದ್ದಳು. ಆ ಮುಗಿದ ಕೈಗಳನ್ನು ನಾನು ಹಿಡಿದುಕೊಂಡು ಕೆಳಗಿಳಿಸಿ, ಅಲ್ಲಿಯೇ ಜಗುಲಿಯ ಮೇಲೆ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸೋಲಾರ್ ಹಲಗೆಗಳ ಕಡೆ ನೋಡುತ್ತಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ಮಗಳನ್ನು ಕಳಿಸಿದರು. ಆವತ್ತು ಮತ್ತೆ ನನ್ನ ಜೊತೆ ಮಾತಾಡಲಿಲ್ಲ.

ಅವಳು ಬಾಗಿಲಿಗೆ ಒರಗಿ ನಿಂತು ಹೇಳಿದಳು: "ಮಕ್ಕಳಾಗದಿದ್ರೆ ನಾನು ಬದುಕ್ತಿದ್ದೆ ಕಣ್ರೀ. ನನ್ನ ಹೊಟ್ಟೆ ಕೊಯ್ಯಕ್ಕೆ ಸಹಿ ಹಾಕಿದ್ರಲ್ಲ." ಆಮೇಲೆ, "ಬರ್ತೀನಿ. ನಿಮ್ಮಮ್ಮಂಗೆ ನೀವೇ ಹೇಳ್ಬೇಕು. ನನ್ನ ಮುಂದೆ ಹೇಳ್ಬೇಕು," ಎಂದಳು.

ಹೇಳಿದೆ. ಅಡಿಗೆಮನೆಯಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೆ ಮೊದಲು ನಂಬಿಕೆಯಾಗಲಿಲ್ಲ. "ಯಾರ್ಲಾ ಅಂಗಂದವ್ರು? ನೀನೇನು ಗಂಡ್ಸಲ್ವಾ? ಇವ್ಳು ಹೇಳ್ಕೊಟ್ಟು ಕರ್ಕೊಂಬಂದವ್ಳೆ ನಿನ್ನ," ಎಂದು ಸೊಸೆಯ ಮೇಲೆ ಹರಿಹಾಯ್ದಳು. ಗಂಡಸುತನ ಬೇರೆ, ಇದು ಬೇರೆ ಎಂದು ಹತ್ತನೇ ತರಗತಿಗೆ ಹೇಳುವಂತೆ ಅಮ್ಮನಿಗೆ ಬಿಡಿಸಿ ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ. ಅವರೆಕಾಯಿ ಮೊರವನ್ನು ಪಕ್ಕಕ್ಕಿಟ್ಟು ಗೋಡೆಗೆ ಮುಖ ಮಾಡಿ ಕೂತಳು.

ಆಮೇಲೆ ಬೆಂಗಳೂರಿನ ಡಾಕ್ಟರ ಬಳಿಗೆ ಹೋದೆವು. ಅವರು ನನ್ನ ರಕ್ತದಲ್ಲಿ ಹಾರ್ಮೋನು ನೋಡಿಸಿದರು, ಪರೀಕ್ಷೆ ಮಾಡಿದರು. "ಚಿಕ್ಕಂದಿನಲ್ಲಿ ಮಂಗನಬಾವು ಬಂದಿತ್ತಾ? ಕೆನ್ನೆ ಊದಿಕೊಳ್ಳೋದು?" ಎಂದು ಕೇಳಿದರು. ಆಗ ನೆನಪಾಯಿತು. ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಕೆನ್ನೆ ಊದಿ, ಜ್ವರ ಬಂದು, ಒಂದು ವಾರದ ಮೇಲೆ ಕೆಳಗೂ ಊದಿಕೊಂಡಿತ್ತು. ನಡೆಯಲು ಆಗುತ್ತಿರಲಿಲ್ಲ. ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಿರಲಿಲ್ಲ. ಆಮೇಲೆ ಅಮ್ಮನೇ ಕಂಡು, ಬೇವಿನ ಸೊಪ್ಪು ಬಿಸಿಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಿದ್ದಳು. ದೊಡ್ಡ ಹುಡುಗರಿಗೆ ಆ ಜ್ವರ ಬಂದರೆ ಕೆಲವರಿಗೆ ಹೀಗೆ ಬೀಜ ಒಣಗಿಬಿಡುತ್ತದೆ ಎಂದು ಡಾಕ್ಟರು ಹೇಳಿದರು. "ಅದೇ ಕಾರಣ ಅಂತ ಖಚಿತವಾಗಿ ಹೇಳಕ್ಕಾಗಲ್ಲ. ಇರಬಹುದು." ಸಣ್ಣ ಆಪರೇಷನ್ ಮಾಡಿ ಒಳಗೆಲ್ಲಾದರೂ ಒಂದೆರಡು ವೀರ್ಯಾಣು ಉಳಿದಿವೆಯೇ ಎಂದು ಹುಡುಕಿದರು. ಸಿಗಲಿಲ್ಲ. ಆವತ್ತು ಹಾಸಿಗೆಯಲ್ಲಿ ಮಲಗಿದ್ದವನು ನಾನು, ಸಹಿ ಹಾಕಿದವಳು ಅವಳು.

ಮಂಗನಬಾವಿನ ವಿಷಯವನ್ನು ಅಮ್ಮನಿಗೆ ಹೇಳಬಾರದಿತ್ತು. ಸೊಸೆಯದಲ್ಲ ತಪ್ಪು ಎಂದು ಅವಳಿಗೆ ನಂಬಿಕೆ ಬರಲೆಂದು ಹೇಳಿಬಿಟ್ಟೆ. ಅಮ್ಮನಿಗೆ ಆ ಜ್ವರ ಚೆನ್ನಾಗಿ ನೆನಪಿತ್ತು. "ಆಸ್ಪತ್ರೆಗೆ ಕರ್ಕೊಂಡೋಗೋಣ ಅಂತ ನಿಮ್ಮಪ್ಪ ಅಂದ್ರು ಕಣ್ಲಾ. ನಾನೇ ಬ್ಯಾಡ ಅಂದೆ. ವಯಸ್ಸಿಗೆ ಬಂದ ಹುಡುಗನ್ನ ಅಲ್ಲೆಲ್ಲ ತೋರ್ಸೋದು ಹೆಂಗೆ ಅಂತ ಬ್ಯಾಡ ಅಂದೆ," ಎಂದಳು. ಆಸ್ಪತ್ರೆಗೆ ಹೋಗಿದ್ದರೂ ಇದನ್ನು ತಡೆಯಲು ಆಗುತ್ತಿರಲಿಲ್ಲವಂತೆ, ಡಾಕ್ಟರೇ ಹೇಳಿದರು ಎಂದು ನೂರು ಸಲ ಹೇಳಿದೆ. "ನೀನು ನನ್ನ ಸಮಾಧಾನಕ್ಕೆ ಹೇಳ್ತೀಯ," ಎಂದಳು. ಅಂದಿನಿಂದ ಅವಳು ಸೊಸೆಯ ಮುಖ ನೋಡುವುದನ್ನೇ ಬಿಟ್ಟಳು. ತಟ್ಟೆ ಮುಂದಿಟ್ಟರೆ ತಲೆ ಬಗ್ಗಿಸಿ ಉಣ್ಣುವಳು. ಮೂರು ತಿಂಗಳು ಹಾಗೇ ಇದ್ದು, ಒಂದು ದಿನ ಬಟ್ಟೆ ಕಟ್ಟಿಕೊಂಡು ಕೊರಟಗೆರೆಗೆ, ಅಕ್ಕನ ಮನೆಗೆ ಹೋದಳು. ತಿರುಗಿ ಬರಲು ಎಷ್ಟು ಕರೆದರೂ ಬಂದಿಲ್ಲ. ಸೊಸೆಗೆ ಒಂದು ಮಾತೂ ಹೇಳಲಿಲ್ಲ, ಕ್ಷಮಿಸು ಎಂದೂ ಅನ್ನಲಿಲ್ಲ. ಹೋಗುವ ಮುಂಚೆ ಮಾತ್ರ ತನ್ನ ಎರಡು ರವಿಕೆಗಳನ್ನು ಮಷೀನಿನ ಮೇಲಿಟ್ಟು, "ತೋಳು ಬಿಗಿಯಾಗೈತೆ, ಬಿಡುವಾದಾಗ ನೋಡಮ್ಮ," ಎಂದಳು. ನನ್ನ ಹೆಂಡತಿ ಅವತ್ತೇ ಕೂತು ಹೊಲಿದುಕೊಟ್ಟಳು.

ದಾನಿಯ ವೀರ್ಯ ಬಳಸುವ ದಾರಿ ಇದೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು. ನನಗೆ ಒಪ್ಪಿಕೊಳ್ಳಲು ಆರು ತಿಂಗಳು ಬೇಕಾಯಿತು. ಅವಳು ಒಮ್ಮೆಯೂ ಒತ್ತಾಯ ಮಾಡಲಿಲ್ಲ, "ನಿಮ್ಮ ಮನಸ್ಸು ಗಟ್ಟಿಯಾದ್ರೆ ಮಾತ್ರ," ಎಂದಳು. ನಾನು ಒಪ್ಪುವ ಹೊತ್ತಿಗೆ ಅವಳ ರಕ್ತಪರೀಕ್ಷೆಯಲ್ಲಿ ಅಂಡಗಳ ಸಂಗ್ರಹ ವಯಸ್ಸಿಗೆ ಮೀರಿ ಕಡಿಮೆಯಾಗಿದೆ ಎಂದು ಬಂತು. ಮದುವೆಯಾದ ಹೊಸದರಲ್ಲಿ ಮಾಡಿಸಿದ್ದರೆ ಹೀಗಿರುತ್ತಿರಲಿಲ್ಲವೇನೋ ಎಂದು ಡಾಕ್ಟರು ಮಾತಿನ ನಡುವೆ ಅಂದರು. ಅವರಿಗೆ ನಮ್ಮ ಕಥೆ ಗೊತ್ತಿರಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಆದರೂ ಮಾಡಿಸಿದೆವು. ಮೊದಲೆರಡು ಸಲ ಗರ್ಭ ನಿಲ್ಲಲಿಲ್ಲ. ಮೂರನೆಯ ಸಲ ನಿಂತಿತು. ಅವಳು ಬಚ್ಚಲಿನಿಂದ ಗರ್ಭಪರೀಕ್ಷೆಯ ಪಟ್ಟಿ ಹಿಡಿದುಕೊಂಡು ಬಂದು ಎರಡು ಗೆರೆ ತೋರಿಸಿದಾಗ, ಅದನ್ನು ಬೆಳಕಿಗೆ ಹಿಡಿದು ಇಬ್ಬರೂ ಮತ್ತೆ ಎಣಿಸಿದೆವು. ಅಲ್ಲಿಂದ ನಾಲ್ಕು ವಾರ ಅವಳು ಮಷೀನು ತುಳಿಯಲಿಲ್ಲ. ನಾನೇ ಅಡಿಗೆ ಮಾಡಿದೆ. ಯಾರ ಮಗುವೆಂಬ ಯೋಚನೆ ಬಂದೀತೆಂದು ಹೆದರಿದ್ದೆ, ಬರಲೇ ಇಲ್ಲ. ಎಂಟನೆಯ ವಾರದ ಸ್ಕ್ಯಾನಿಂಗಿನಲ್ಲಿ ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಲಿಲ್ಲ. ಬಡಿತ ಇಲ್ಲ ಎಂದರು. ಊರಿಗೆ ಬರುವ ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ತಲೆಯಿಟ್ಟು, "ಸಾಕು ಕಣ್ರೀ. ನನ್ನ ಮೈಗೆ ಇನ್ನೇನೂ ಬ್ಯಾಡ," ಎಂದಳು. ಮದಲೂರಿನ ದಿನದ ನಂತರ ಅವಳು ತಾನಾಗಿ ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಹೋದ ವರ್ಷ ನಮ್ಮ ಸ್ಕೂಲಿಗೆ ಹೊಸದಾಗಿ ಬಂದ ಗಣಿತದ ಮೇಷ್ಟ್ರು, ಮದುವೆಯಾಗಿ ಮೂರು ವರ್ಷವಾದವರು, ಹೆಂಡತಿಯನ್ನು ಎಲ್ಲಿ ತೋರಿಸಬೇಕೆಂದು ನನ್ನನ್ನು ಕೇಳಿದರು. ಸ್ಟಾಫ್‌ರೂಮಿನಲ್ಲಿ ನಾವಿಬ್ಬರೇ ಇದ್ದೆವು. "ಮೊದಲು ನೀವು ಹೋಗಿ ಸಾರ್," ಎಂದೆ. ಅವರ ಮುಖ ಬಿಗಿಯಾಯಿತು. ನಾನು ನನ್ನ ಕಥೆಯನ್ನು ಆಪರೇಷನ್ನಿನ ಸಹಿಯನ್ನೂ ಬಿಡದೆ ಹೇಳಿದೆ. ಅವರು ಎದ್ದು ಕ್ಲಾಸಿಗೆ ಹೋದರು. ಒಂದು ತಿಂಗಳು ನನ್ನಿಂದ ತಪ್ಪಿಸಿಕೊಂಡು ತಿರುಗಿದರು. ಆಮೇಲೆ ಒಂದು ದಿನ ಬೈಕ್ ನಿಲ್ಲಿಸುವ ಜಾಗದಲ್ಲಿ, "ಹೋಗಿದ್ದೆ ಸಾರ್. ರಕ್ತನಾಳ ಊದಿಕೊಂಡಿದೆಯಂತೆ, ಸರಿಮಾಡಬಹುದಂತೆ," ಎಂದು ಗಡಿಬಿಡಿಯಲ್ಲಿ ಹೇಳಿ ಹೊರಟುಹೋದರು. ಈಗ ಅವರ ಹೆಂಡತಿಗೆ ಐದು ತಿಂಗಳು. ನನಗೆ ಅವರು ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು. ನಾನು ಮನೆಯಲ್ಲಿ ಹೇಳಿದೆ. "ಒಳ್ಳೇದಾಯ್ತು," ಎಂದು ಹೆಂಡತಿ ಕತ್ತರಿ ಕೆಳಗಿಟ್ಟಳು.

ದತ್ತು ತೆಗೆದುಕೊಳ್ಳಲು ಹೆಸರು ಬರೆಸಿದ್ದೇವೆ. ವರ್ಷಗಟ್ಟಲೆ ಕಾಯಬೇಕಂತೆ. ಮಗುವನ್ನು ಸಾಕಲು ನಾವು ಯೋಗ್ಯರೇ ಎಂದು ನೋಡಲು ಹೋದ ತಿಂಗಳು ಒಬ್ಬ ಅಧಿಕಾರಿ ಮನೆಗೆ ಬಂದಿದ್ದರು. ಮಧ್ಯವಯಸ್ಸಿನ ಹೆಂಗಸು. ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳಿದರು. ನನ್ನ ಸರದಿಯಲ್ಲಿ, "ನಿಮ್ಮಿಬ್ಬರ ನಡುವೆ ಮುಚ್ಚುಮರೆ ಏನಾದರೂ ಇದೆಯಾ?" ಎಂದರು. "ಇತ್ತು, ಈಗ ಇಲ್ಲ," ಎಂದೆ. ಅವರು ಬರೆದುಕೊಂಡರು. ಅವಳನ್ನು ಏನು ಕೇಳಿದರು, ಅವಳು ಏನು ಹೇಳಿದಳು ಎಂದು ನಾನು ಕೇಳಿಲ್ಲ. ಅವಳಾಗಿ ಹೇಳಿಯೂ ಇಲ್ಲ.